ಹಿಂದಿನ ಸಾಲು, ಮುಂದಿನ ಸಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ಬೈಬಲ್ಲಿನ ಒಂದು ಮಾತನ್ನು ನೀವು ಗೋಡೆಯ ಮೇಲೆ, ಶುಭಾಶಯ ಪತ್ರದಲ್ಲಿ ನೋಡಿರಬಹುದು. ನಿನ್ನ ಆರಂಭ ಸಣ್ಣದಾಗಿದ್ದರೂ ಕೊನೆಯಲ್ಲಿ ನೀನು ಬಹಳ ವೃದ್ಧಿಯಾಗುವೆ ಎಂಬ ಮಾತು. ಕೆಳಗೆ 'ಯೋಬ 8:7' ಎಂದು ಬರೆದಿರುತ್ತದೆ, ಅಂದರೆ ಯೋಬನ ಪುಸ್ತಕ, 8ನೇ ಅಧ್ಯಾಯ, 7ನೇ ವಚನ. ಓದಿದವರಿಗೆ ಖುಷಿ, ಕೊಟ್ಟವರಿಗೂ ಖುಷಿ.

ಈ ಮಾತು ಹೇಳಿದವರು ಯಾರು? ನಾನು ತರಗತಿಯಲ್ಲಿ ಕೇಳಿದಾಗೆಲ್ಲ 'ದೇವರು' ಎಂಬ ಉತ್ತರವೇ ಜಾಸ್ತಿ ಬರುತ್ತದೆ. ಅಲ್ಲ. ಹೇಳಿದವನು ಬಿಲ್ದದ, ಯೋಬನ ಗೆಳೆಯ. ಮೂರೇ ವಚನ ಹಿಂದೆ ಹೋಗಿ. ಹತ್ತು ಮಕ್ಕಳನ್ನು ಕಳೆದುಕೊಂಡು ಬೂದಿಯಲ್ಲಿ ಕೂತ ತಂದೆಗೆ ಇದೇ ಬಿಲ್ದದ, ನಿನ್ನ ಮಕ್ಕಳು ಪಾಪ ಮಾಡಿದ್ದಕ್ಕೆ ದೇವರು ಅವರಿಗೆ ತಕ್ಕ ಫಲ ಕೊಟ್ಟ ಎನ್ನುತ್ತಾನೆ. ಇನ್ನು 42ನೇ ಅಧ್ಯಾಯಕ್ಕೆ ಬನ್ನಿ. ಅಲ್ಲಿ ದೇವರೇ ಈ ಗೆಳೆಯರ ಮೇಲೆ ಸಿಟ್ಟಾಗಿ, ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎನ್ನುತ್ತಾನೆ. ದೇವರು ತಪ್ಪು ಎಂದವರ ಮಾತನ್ನು ನಾವು ದೇವರ ಮಾತು ಅಂತ ಗೋಡೆಗೆ ಹಾಕಿಕೊಂಡಿದ್ದೇವೆ, ಅಲ್ವಾ?

ಬೈಬಲ್ ಓದುವುದಕ್ಕೆ ನಿಯಮಗಳೇನು ಎಂದು ಜನ ಕೇಳುತ್ತಾರೆ. ದೊಡ್ಡ ದೊಡ್ಡ ಪುಸ್ತಕಗಳಿವೆ. ನನಗೆ ಒಂದೇ ನಿಯಮ ಸಾಕು. ಹಿಂದಿನ ಸಾಲು ಓದಿ, ಮುಂದಿನ ಸಾಲು ಓದಿ. ಯಾರು ಯಾರಿಗೆ ಹೇಳಿದರು, ಯಾವ ಹೊತ್ತಿನಲ್ಲಿ ಹೇಳಿದರು ಎಂಬುದು ಅಲ್ಲೇ ಸಿಗುತ್ತದೆ.

ಒಂದೊಂದೇ ವಚನ ಕಿತ್ತು ಓದುವ ಈ ಅಭ್ಯಾಸ ಎಲ್ಲಿಂದ ಬಂತು? ಆ ಸಂಖ್ಯೆಗಳಿಂದ. ಅಪೊಸ್ತಲ ಪೌಲ ಆರಂಭದ ಕ್ರೈಸ್ತ ಸಭೆಗಳಿಗೆ ಪತ್ರ ಬರೆದಾಗ ಅದರಲ್ಲಿ ಅಧ್ಯಾಯವೂ ಇರಲಿಲ್ಲ, ವಚನದ ಸಂಖ್ಯೆಯೂ ಇರಲಿಲ್ಲ. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಪದಗಳ ನಡುವೆ ಜಾಗವೇ ಇಲ್ಲ, ಒಂದಕ್ಕೊಂದು ಅಂಟಿಕೊಂಡ ಅಕ್ಷರಗಳ ಸಾಲು. ಈಗಿನ ಅಧ್ಯಾಯಗಳು ಬಂದದ್ದು 13ನೇ ಶತಮಾನದ ಆರಂಭದಲ್ಲಿ. ಪ್ಯಾರಿಸ್‌ನಲ್ಲಿ ಪಾಠ ಹೇಳುತ್ತಿದ್ದ ಸ್ಟೀಫನ್ ಲ್ಯಾಂಗ್ಟನ್ ಅವನ್ನು ವಿಂಗಡಿಸಿದ ಎನ್ನುತ್ತಾರೆ. ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆ ಹಾಕಿದವನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ, 1551ರಲ್ಲಿ. ಪ್ಯಾರಿಸ್‌ನಿಂದ ಲಿಯೋನ್‌ಗೆ ಹೋಗುವ ಪ್ರಯಾಣದಲ್ಲಿ ಆ ಕೆಲಸ ಮಾಡಿದ ಎಂದು ಅವನ ಮಗನೇ ಬರೆದಿಟ್ಟಿದ್ದಾನೆ. ಆ ಸಂಖ್ಯೆ ಮನೆಯ ಬಾಗಿಲ ನಂಬರ್ ಇದ್ದ ಹಾಗೆ. ಮನೆ ಹುಡುಕಲು ಬೇಕು, ಆದರೆ ಒಳಗೆ ಯಾರಿದ್ದಾರೆ ಅಂತ ಅದು ಹೇಳುವುದಿಲ್ಲ.

ಈಗ ನನಗೆ ತುಂಬ ಇಷ್ಟವಾದ ಕಥೆಗೆ ಬರುತ್ತೇನೆ. ಒಂದು ಗಿಡದ ಕಥೆ.

ಪ್ರವಾದಿ ಯೋನ ನಿನೆವೆ ಪಟ್ಟಣದ ಹೊರಗೆ ಸಿಟ್ಟು ಮಾಡಿಕೊಂಡು ಕೂತಿದ್ದಾನೆ. ಶತ್ರುಗಳ ಪಟ್ಟಣ ನಾಶವಾಗಲಿಲ್ಲವಲ್ಲ ಎಂದು ಸಿಟ್ಟು. ಬಿಸಿಲು ಜೋರು. ದೇವರು ಒಂದು ಗಿಡ ಬೆಳೆಸಿ ನೆರಳು ಕೊಡುತ್ತಾನೆ. ಅದು ಯಾವ ಗಿಡ? ಹೀಬ್ರೂವಿನಲ್ಲಿ 'ಕೀಕಾಯೋನ್' ಎಂದಿದೆ. ಬೈಬಲ್ಲಿನಲ್ಲಿ ಬೇರೆಲ್ಲೂ ಈ ಪದ ಇಲ್ಲ. ಗ್ರೀಕಿನಿಂದ ಬಂದ ಹಳೆಯ ಲ್ಯಾಟಿನ್ ಅನುವಾದ ಓದುವ ಕ್ರೈಸ್ತ ಸಭೆಗಳಲ್ಲಿ ತಲೆಮಾರುಗಳಿಂದ ಅದು ಸೋರೆ ಬಳ್ಳಿ. ಆಮೇಲೆ ಜೆರೋಮ್ ಬಂದರು. ಬೆತ್ಲೆಹೇಮಿನಲ್ಲಿ ನೆಲೆಸಿ, ಯೆಹೂದ್ಯ ಗುರುಗಳಿಂದ ಹೀಬ್ರೂ ಕಲಿತು, ಹಳೆ ಒಡಂಬಡಿಕೆಯನ್ನು ಗ್ರೀಕಿನಿಂದಲ್ಲ, ಮೂಲ ಹೀಬ್ರೂವಿನಿಂದಲೇ ಲ್ಯಾಟಿನ್‌ಗೆ ತಂದವರು. ಅವರು ಅಲ್ಲಿ ಸೋರೆ ತೆಗೆದು 'ಐವಿ' ಎಂಬ ಹಬ್ಬುವ ಬಳ್ಳಿಯ ಹೆಸರು ಹಾಕಿದರು.

ಉತ್ತರ ಆಫ್ರಿಕಾದಲ್ಲಿ ಓಯಾ ಎಂಬ ಊರು, ಈಗಿನ ಟ್ರಿಪೋಲಿ. ಅಲ್ಲಿನ ಬಿಷಪ್ ಹೊಸ ಅನುವಾದವನ್ನು ಸಭೆಯಲ್ಲಿ ಓದಿಸಿದರು. ಯೋನನ ಕಥೆಯಲ್ಲಿ ಜನಕ್ಕೆ ಬಾಯಿಪಾಠವಾಗಿದ್ದ ಮಾತು ಬದಲಾಗಿತ್ತು. ದೊಡ್ಡ ಗದ್ದಲವೆದ್ದಿತು. ಗ್ರೀಕ್ ಬಲ್ಲವರು 'ಇದು ಸುಳ್ಳು ಬರಹ' ಎಂದು ಕೂಗಾಡಿದರು. ಬಿಷಪ್ಪರು ಊರಿನ ಯೆಹೂದ್ಯರನ್ನು ಕೇಳಿದರು. ಹೀಬ್ರೂವಿನಲ್ಲೂ ಹಳೆಯ ಹಾಗೆಯೇ ಇದೆ ಎಂದುಬಿಟ್ಟರು ಅವರು! ಸಭೆಯೇ ಖಾಲಿಯಾಗುವ ಸ್ಥಿತಿ ಬಂದು, ಬಿಷಪ್ಪರು ಅದನ್ನು ತಿದ್ದಬೇಕಾಯಿತು. ಇದನ್ನೆಲ್ಲ ಉತ್ತರ ಆಫ್ರಿಕಾದ ಇನ್ನೊಬ್ಬ ಬಿಷಪ್ ಆಗಸ್ಟಿನ್ 403ರಲ್ಲಿ ಜೆರೋಮ್‌ಗೆ ಕಾಗದ ಬರೆದು ತಿಳಿಸಿದರು.

ಜೆರೋಮ್ ಕೊಟ್ಟ ಉತ್ತರವನ್ನು ಅನುವಾದ ಮಾಡುವ ಪ್ರತಿಯೊಬ್ಬರೂ ಓದಬೇಕು. ಆ ಗಿಡಕ್ಕೆ ಅಗಲ ಎಲೆ, ಬೇಗ ಬೆಳೆಯುತ್ತದೆ, ಆಸರೆ ಬೇಡ, ತನ್ನ ಕಾಂಡದ ಮೇಲೇ ನಿಲ್ಲುತ್ತದೆ ಎನ್ನುತ್ತಾರೆ. ಮೂಲದ ಹೆಸರನ್ನೇ ಇಟ್ಟರೆ ಯಾರಿಗೂ ಅರ್ಥವಾಗುವುದಿಲ್ಲ. ಸೋರೆ ಎಂದರೆ ಹೀಬ್ರೂವಿನಲ್ಲಿ ಇಲ್ಲದ್ದನ್ನು ಹೇಳಿದಂತೆ. ಅದಕ್ಕೇ ಹಿಂದಿನ ಕೆಲವು ಅನುವಾದಕರ ಜೊತೆ ಹೋಗಿ ಐವಿ ಎಂದೆ. ಇದು ಅವರ ವಾದ. ಅಂದರೆ ಐವಿಯೂ ಸರಿಯಲ್ಲ ಅಂತ ಅವರಿಗೇ ಗೊತ್ತಿತ್ತು! ಅವರ ವರ್ಣನೆ ಓದಿದರೆ ನಮಗೆ ನೆನಪಾಗುವುದು ಹರಳು ಗಿಡ, ಕೆಲವರು ಔಡಲ ಎನ್ನುತ್ತಾರಲ್ಲ, ಅದು. ಇವತ್ತಿನ ಎಷ್ಟೋ ವಿದ್ವಾಂಸರು ಹೇಳುವುದೂ ಅದನ್ನೇ.

ಆದರೆ ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಆ ಗದ್ದಲದಲ್ಲಿ ಎಷ್ಟು ಜನ ಮುಂದಿನ ಸಾಲು ಓದಿದರು? ಗಿಡ ಒಣಗುತ್ತದೆ, ಯೋನ ಸತ್ತರೆ ಮೇಲು ಎನ್ನುತ್ತಾನೆ. ಆಗ ದೇವರು ಕೇಳುತ್ತಾನೆ. ನೀನು ನೆಡದ, ನೀನು ಬೆಳೆಸದ ಒಂದು ಗಿಡಕ್ಕಾಗಿ ಇಷ್ಟು ಮರುಗುತ್ತೀಯಲ್ಲ. ಬಲಗೈ ಯಾವುದು, ಎಡಗೈ ಯಾವುದು ತಿಳಿಯದ 1,20,000ಕ್ಕೂ ಹೆಚ್ಚು ಜನ ಈ ಪಟ್ಟಣದಲ್ಲಿದ್ದಾರೆ, ದನಕರುಗಳೂ ಇವೆ. ನಾನು ಮರುಗಬಾರದೇ? ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಸೋರೆಯಾಗಲಿ, ಹರಳಾಗಲಿ, ಗಿಡ ಅಲ್ಲಿರುವುದು ಈ ಪ್ರಶ್ನೆಗಾಗಿ. ಮುಂದಿನ ಸಾಲು ಓದಿ ಎಂದು ನಾನು ಮತ್ತೆ ಮತ್ತೆ ಹೇಳುವುದು ಸುಮ್ನೆ ಅಲ್ಲ.

ಗಿಡದ ಕಥೆಗೇ ತುಂಬ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಪದಕ್ಕೆ ಪದ ಇಟ್ಟರೆ ಅನುವಾದವಾಗುವುದಿಲ್ಲ. ವಿಮೋಚನಕಾಂಡದ 34ನೇ ಅಧ್ಯಾಯದಲ್ಲಿ ದೇವರನ್ನು ಬಣ್ಣಿಸುವ ಒಂದು ಹೀಬ್ರೂ ಮಾತಿದೆ. ಪದಗಳನ್ನೇ ಹಿಡಿದರೆ 'ಉದ್ದ ಮೂಗಿನವನು' ಎಂದಾಗುತ್ತದೆ. ಅರ್ಥ, ಬೇಗ ಸಿಟ್ಟಾಗದವನು. ಹೀಬ್ರೂವಿನಲ್ಲಿ ಮೂಗು ಎಂಬ ಪದಕ್ಕೇ ಕೋಪ ಎಂಬ ಅರ್ಥವೂ ಉಂಟು. ಮೂಗಿನ ತುದಿಯಲ್ಲಿ ಕೋಪ ಎನ್ನುವ ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ! ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಈ ಗುಟ್ಟು ಬಲ್ಲವನು. ಮನೆಯ ತಾಯಂದಿರು, ಬೀದಿಯ ಮಕ್ಕಳು, ಸಂತೆಯ ಸಾಮಾನ್ಯ ಮನುಷ್ಯ ಹೇಗೆ ಮಾತಾಡುತ್ತಾರೆ ಕೇಳಿ ಅನುವಾದ ಮಾಡಬೇಕು ಎಂದು 1530ರಲ್ಲಿ ಬರೆದ. ಅವನ ಜರ್ಮನ್ ಹೊಸ ಒಡಂಬಡಿಕೆ 1522ರಲ್ಲಿ, ಪೂರ್ತಿ ಬೈಬಲ್ 1534ರಲ್ಲಿ ಬಂತು. ವಿಲಿಯಂ ಟಿಂಡೇಲ್ 1526ರಲ್ಲಿ ಇಂಗ್ಲಿಷ್ ಹೊಸ ಒಡಂಬಡಿಕೆಯನ್ನು ಜರ್ಮನಿಯಲ್ಲಿ ಅಚ್ಚು ಮಾಡಿಸಿದ. ಇಂಗ್ಲೆಂಡಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಹತ್ತು ವರ್ಷದ ಮೇಲೆ, 1536ರಲ್ಲಿ, ಧರ್ಮದ್ರೋಹಿ ಎಂದು ಅವನನ್ನು ಕೊಂದರು. ನಮ್ಮ ಕೈಗೆ ಇಷ್ಟು ಸುಲಭವಾಗಿ ಸಿಗುವ ಪುಸ್ತಕಕ್ಕೆ ಜನ ಪ್ರಾಣ ಕೊಟ್ಟಿದ್ದಾರೆ. ಅದರಿಂದ ಒಂದು ಸಾಲು ಹರಿದುಕೊಂಡು ಹೋಗುವುದನ್ನು ನೋಡಿದರೆ ನನಗೆ ತಡೆಯಲಾಗುವುದಿಲ್ಲ.

ಕೊನೆಯದಾಗಿ ಯೆರೆಮೀಯ 29:11. ನಿಮಗಾಗಿ ನನ್ನ ಯೋಚನೆಗಳು ಕೇಡಿಗಲ್ಲ, ಒಳಿತಿಗೇ ಎಂಬ ಮಾತು. ಪರೀಕ್ಷೆ, ಕೆಲಸ, ಮದುವೆ, ಎಲ್ಲದಕ್ಕೂ ಇದನ್ನು ಹೇಳುತ್ತಾರೆ. ಇದು ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆ ಹೋದ ಯೆಹೂದ್ಯ ಜನಕ್ಕೆ ಪ್ರವಾದಿ ಯೆರೆಮೀಯ ಬರೆದ ಪತ್ರ. ಊರಿಗೆ ಮರಳುವುದು 70 ವರ್ಷ ಕಳೆದ ಮೇಲೆ ಎಂದು ಹಿಂದಿನ ವಚನದಲ್ಲೇ ಇದೆ. ಪತ್ರ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಅಲ್ಲೇ ಸಾಯುವವರು. ಅವರಿಗೆ ಅದೇ ಪತ್ರ, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿ ಎನ್ನುತ್ತದೆ. ನಿಮ್ಮನ್ನು ಸೆರೆ ಒಯ್ದ ಪಟ್ಟಣದ ಒಳಿತಿಗಾಗಿ! ಇವತ್ತು ರಾತ್ರಿ ಆ ಅಧ್ಯಾಯವನ್ನು ಒಂದನೇ ವಚನದಿಂದ ಓದಿ.

ನಮಸ್ಕಾರ.