36 ಪಾಯಿಂಟ್ ಮುಂದಿದ್ದ ಸಂಸದ ಸೋತಿದ್ದು ಹೇಗೆ?

[ಪರದೆ: ನ್ಯೂಯಾರ್ಕ್ ನಕ್ಷೆ. ಬ್ರಾಂಕ್ಸ್, ಕ್ವೀನ್ಸ್ ಭಾಗ ಮಾತ್ರ ಬಣ್ಣದಲ್ಲಿ]

ನಮಸ್ಕಾರ. ಅಮೆರಿಕದ ಪ್ರತಿನಿಧಿ ಸಭೆಯ ನ್ಯೂಯಾರ್ಕ್ 14ನೇ ಕ್ಷೇತ್ರ, 2018ರ ಜೂನ್. ಹಾಲಿ ಸಂಸದ ಜೋ ಕ್ರೌಲಿ. ಹತ್ತು ಅವಧಿ ಗೆದ್ದವರು, ಕ್ವೀನ್ಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಚುಕ್ಕಾಣಿ ಹಿಡಿದವರು. 2004ರಿಂದ ಈಚೆಗೆ ಪಕ್ಷದೊಳಗೆ ಅವರಿಗೆ ಎದುರಾಳಿಯೇ ಇರಲಿಲ್ಲ. ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸೋ ಚುನಾವಣೆಗೆ, ಕೆಲವೇ ವಾರ ಇದ್ದಾಗ ಅವರದೇ ತಂಡದ ಸಮೀಕ್ಷೆ ಹೇಳಿದ್ದು: ನೀವು 36 ಪಾಯಿಂಟ್, ಅಂದರೆ ಶೇಕಡಾ ಲೆಕ್ಕದಲ್ಲಿ 36ರಷ್ಟು, ಮುಂದಿದ್ದೀರಿ.

[ಪರದೆ: ಜೂನ್ 26, 2018. ಒಕಾಸಿಯೊ-ಕಾರ್ಟೆಜ್ ಶೇ 57, ಕ್ರೌಲಿ ಶೇ 43]

ಗೆದ್ದಿದ್ದು 28 ವರ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್. ಆಕೆಯ ಖರ್ಚು ಸುಮಾರು 2 ಲಕ್ಷ ಡಾಲರ್, ಕ್ರೌಲಿಯದ್ದು 30 ಲಕ್ಷಕ್ಕೂ ಮೇಲೆ.

ಇದೇ ಮೊದಲಲ್ಲ. 2014ರಲ್ಲಿ ವರ್ಜೀನಿಯಾದ ಎರಿಕ್ ಕ್ಯಾಂಟರ್, ಸಭೆಯ ಬಹುಮತ ಪಕ್ಷದ ನಾಯಕ, ತಮ್ಮ ಸಮೀಕ್ಷೆಯಲ್ಲಿ 34 ಪಾಯಿಂಟ್ ಮುಂದಿದ್ದು 11 ಪಾಯಿಂಟ್‌ನಿಂದ ಸೋತರು.

ಇಷ್ಟು ದೊಡ್ಡ ಎಡವಟ್ಟು ಹೇಗೆ? 400 ಜನರನ್ನು ಕೇಳಿದರೆ ಆಚೀಚೆ 5 ಪಾಯಿಂಟ್, ಸಾವಿರ ಜನರನ್ನು ಕೇಳಿದರೆ 3 ಪಾಯಿಂಟ್ ತಪ್ಪಬಹುದು. ಮೂವತ್ತು, ನಲವತ್ತು ಪಾಯಿಂಟ್ ತಪ್ಪಿದರೆ ಅದಕ್ಕೆ ಆ ಲೆಕ್ಕ ಸಾಲದು. ಸಮೀಕ್ಷೆ ಮಾಡುವವರು ಮೊದಲು ಒಂದು ಊಹೆ ಮಾಡಬೇಕು: ಈ ಸಲ ಮತ ಹಾಕೋಕೆ ಬರೋರು ಯಾರು? ಸಾಮಾನ್ಯವಾಗಿ ಹಿಂದಿನ ಸಲ ಬಂದವರ ಪಟ್ಟಿ ನೋಡ್ತಾರೆ. ಕ್ಯಾಂಟರ್ ಕ್ಷೇತ್ರದ ಪ್ರೈಮರಿಯಲ್ಲಿ 2012ರಲ್ಲಿ ಸುಮಾರು 47,000 ಮತ ಬಿದ್ದಿದ್ದವು. 2014ರಲ್ಲಿ 65,000. ಹೊಸದಾಗಿ ಬಂದವರ ಬಾಗಿಲನ್ನು ಆ ಪಟ್ಟಿ ತಟ್ಟೋದೇ ಇಲ್ಲ.

ಸವಾಲು ಹಾಕುವವರಿಗೆ ಸಂದು ಸಿಗೋದು ಇಲ್ಲೇ.

[ಪರದೆ: ಸಮೀಕ್ಷೆಯ ಪ್ರಶ್ನೆಗಳು ಒಂದೊಂದಾಗಿ]

ಅವರು ಸಮೀಕ್ಷೆ ಮಾಡಿಸಿದರೆ ‘ಯಾರು ಗೆಲ್ತಾರೆ’ ಅಂತ ಕೇಳಿ ಪ್ರಯೋಜನ ಇಲ್ಲ. ಹೆಸರೇ ಗೊತ್ತಿಲ್ಲದವರು ಹಿಂದೆ ಇದ್ದೇ ಇರ್ತಾರೆ. ಕೇಳಬೇಕಾದ್ದು: ಹಾಲಿ ಸಂಸದರನ್ನೇ ಮತ್ತೆ ಆರಿಸಬೇಕಾ, ಹೊಸಬರು ಬೇಕಾ? ಆಮೇಲೆ ಇಬ್ಬರ ಪರಿಚಯವನ್ನೂ ಸಮನಾಗಿ ಓದಿ ಹೇಳಿ, ಮತ್ತೆ ಕೇಳಬೇಕು. ಎರಡು ಉತ್ತರಗಳ ನಡುವಿನ ಅಂತರವೇ ನಿಮ್ಮ ಅವಕಾಶ. (ಎದುರಾಳಿ ಬಗ್ಗೆ ಚಾಡಿ ತುಂಬಿ ಸಾವಿರಾರು ಮನೆಗೆ ಫೋನ್ ಮಾಡೋದು ಸಮೀಕ್ಷೆ ಅಲ್ಲ, ಅಪಪ್ರಚಾರ.)

ಅವಕಾಶ ಮತ ಆಗೋದು ಹೇಗೆ? 1998ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರಾದ ಗೆರ್ಬರ್ ಮತ್ತು ಗ್ರೀನ್ ನ್ಯೂ ಹೇವನ್‌ನಲ್ಲಿ ಸುಮಾರು 30,000 ಮತದಾರರ ಮೇಲೆ ಪ್ರಯೋಗ ಮಾಡಿದರು. ಮನೆ ಬಾಗಿಲಲ್ಲಿ ಮಾತಿಗೆ ಸಿಕ್ಕವರ ಮತದಾನ ಸುಮಾರು 9 ಪಾಯಿಂಟ್ ಏರಿತು. ಅಂಚೆ ಪತ್ರದಿಂದ ಅರ್ಧ ಪಾಯಿಂಟ್. ಬಾಡಿಗೆ ಕಾಲ್ ಸೆಂಟರ್ ಫೋನಿನಿಂದ ಏನೂ ಇಲ್ಲ.

ಅಮೆರಿಕದಲ್ಲಿ ಪ್ರಚಾರಕ್ಕೆ ಹೋಗೋ ಕಾರ್ಯಕರ್ತರ ಕೈಯಲ್ಲಿರೋ ಪಟ್ಟಿಯಲ್ಲಿ ನೀವು ಯಾರಿಗೆ ಮತ ಹಾಕಿದಿರಿ ಅಂತ ಇರಲ್ಲ, ಯಾವ್ಯಾವ ಚುನಾವಣೆಗೆ ಬಂದಿರಿ ಅನ್ನೋದು ಇರುತ್ತೆ. ಮಾತಾಡಿಸಿ, 1ರಿಂದ 5ರೊಳಗೆ ಅಂಕಿ ಹಾಕ್ತಾರೆ: 1 ಅಂದ್ರೆ ನಮ್ಮವರು, 5 ಅಂದ್ರೆ ಪೂರ್ತಿ ಎದುರಾಳಿ ಕಡೆ. ಐದರವರ ಜೊತೆ ವಾದಕ್ಕೆ ನಿಲ್ಲಬಾರದು, ಮುಂದಿನ ಮನೆಗೆ ಹೋಗಬೇಕು. ಒಂದರವರನ್ನು ‘ಮತ ಹಾಕೋಕೆ ಎಷ್ಟು ಗಂಟೆಗೆ ಹೋಗ್ತೀರಿ?’ ಅಂತ ಕೇಳಿಯೇ ಇಳಿಯಬೇಕು.

ನ್ಯೂಯಾರ್ಕ್‌ನಲ್ಲಿ ಇನ್ನೊಂದು ತೊಡಕಿತ್ತು. ಪ್ರೈಮರಿಯಲ್ಲಿ ಪಕ್ಷದ ಹೆಸರಲ್ಲಿ ನೋಂದಾಯಿಸಿದವರಿಗೆ ಮಾತ್ರ ಮತ, ಬೇರೆ ಪಕ್ಷದಲ್ಲಿದ್ದವರು ಬದಲಾಯಿಸಿಕೊಳ್ಳೋ ಗಡುವು ಹಿಂದಿನ ಅಕ್ಟೋಬರ್‌ನಲ್ಲೇ ಮುಗಿದಿತ್ತು. ಚುನಾವಣೆ ಕಾವೇರಿದ ಮೇಲೆ ಪಕ್ಷ ಬದಲಿಸೋ ಮನಸ್ಸು ಮಾಡಿದವರಿಗೆ ದಾರಿಯೇ ಇರಲಿಲ್ಲ.

[ಪರದೆ: ಸವೆದ ಶೂ]

ಗೆದ್ದ ಮೇಲೆ ಒಕಾಸಿಯೊ-ಕಾರ್ಟೆಜ್ ಹಾಕಿದ ಫೋಟೊದಲ್ಲಿ ಶೂಗಳ ಅಡಿ ತೂತು ಬಿದ್ದಿದೆ. ಒಟ್ಟು ಬಿದ್ದ ಮತ 30,000 ಹತ್ತಿರ, ಗೆಲುವಿನ ಅಂತರ ಸುಮಾರು 4,000. ಇಷ್ಟು ಸಣ್ಣ ಸಂಖ್ಯೆ ಆದ್ದರಿಂದಲೇ ನಡಿಗೆ ಲೆಕ್ಕಕ್ಕೆ ಬಂತು. ಎರಡು ಪಕ್ಷ ಎದುರುಬದುರಾಗೋ ನವೆಂಬರ್ ಚುನಾವಣೆಯಲ್ಲಿ ಕಥೆ ಬೇರೆ. ಕಲ್ಲಾ ಮತ್ತು ಬ್ರೂಕ್‌ಮನ್ ಅನ್ನೋ ಸಂಶೋಧಕರು 49 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ, ಅಲ್ಲಿ ಪ್ರಚಾರದಿಂದ ಮತದಾರರ ಆಯ್ಕೆ ಬದಲಾಗಿದ್ದು ಸರಾಸರಿ ಸೊನ್ನೆಯ ಹತ್ತಿರ.