ಬೈಕಿನೊಳಗಿನ ಧೂಳು

ಕೇಳುಗರಿಗೆಲ್ಲ ನಮಸ್ಕಾರ. ಆಷಾಢದ ಗಾಳಿ ಎದ್ದರೆ ನಮ್ಮ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಿಗೆ ಪುರುಸೊತ್ತಿರುವುದಿಲ್ಲ. ಅದೇ ಗಾಳಿ ಹೊಲದ ಮಣ್ಣನ್ನು ಎತ್ತಿ ತಂದು ನಮ್ಮ ಬೈಕಿನೊಳಗೂ ತುಂಬುತ್ತದೆ.

ಹೋದ ವರ್ಷ ಚಳ್ಳಕೆರೆಯಿಂದ ಬರುವಾಗ ನನ್ನ ಹಳೇ ಬೈಕು ಏರಿನಲ್ಲಿ ಕೆಮ್ಮತೊಡಗಿತು. ಆಕ್ಸಿಲರೇಟರ್ ಎಷ್ಟು ತಿರುಗಿಸಿದರೂ ಎಳೆಯಲೊಲ್ಲದು, ಹಿಂದೆ ಕಪ್ಪು ಹೊಗೆ. ಎಂಜಿನ್ನಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ತುದಿಗೆಲ್ಲ ಒಣ ಮಸಿ, ಕಾಡಿಗೆ ಡಬ್ಬಿಯಲ್ಲಿ ಅದ್ದಿದ ಹಾಗೆ. ಒರೆಸಿ ಹಾಕಿದೆ. ಎರಡೇ ದಿನಕ್ಕೆ ಮತ್ತದೇ ಮಸಿ. ಕೊನೆಗೆ ಸೈಡ್ ಕವರ್ ತೆಗೆದು, ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ಏರ್ ಫಿಲ್ಟರ್ ಹೊರಗೆಳೆದೆ. ಕಾಗದದ ಮಡಿಕೆ ಮಡಿಕೆಯಲ್ಲೂ ಕೆಮ್ಮಣ್ಣು ಕೂತು ಗಟ್ಟಿಯಾಗಿತ್ತು.

1 ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಇರುವ ಗಾಡಿಯಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಸಾಲದೆ ಪೆಟ್ರೋಲ್ ಅರೆಬರೆ ಉರಿಯುತ್ತದೆ, ಮೈಲೇಜ್ ಬೀಳುತ್ತದೆ. ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಎಂಜಿನ್ ಚೆನ್ನಾಗಿ ಉಸಿರಾಡುತ್ತಿದೆ ಎಂದರ್ಥ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ಮಿತಿಯ ನಿಯಮ) ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರ್ಬುರೇಟರ್ ಬದಲು, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್ ಇದೆ. ಫಿಲ್ಟರ್ ಮಾತ್ರ ಅವಕ್ಕೂ ಅಷ್ಟೇ ಮುಖ್ಯ.

ಇಲ್ಲೊಂದು ತಪ್ಪು ನಮ್ಮಲ್ಲಿ ಬಹಳ ಜನ ಮಾಡುತ್ತಾರೆ, ನಾನೂ ಮಾಡಿದ್ದೆ. ಪಂಕ್ಚರ್ ಅಂಗಡಿಗೆ ಹೋಗಿ ಫಿಲ್ಟರಿಗೆ ಜೋರಾಗಿ ಗಾಳಿ ಹೊಡೆಸುವುದು. ಎಣ್ಣೆ ಸವರಿದ ಕಾಗದದ ಫಿಲ್ಟರ್ ಆದರೆ ಅದನ್ನು ತೊಳೆಯಲೂಬಾರದು, ಗಾಳಿ ಹೊಡೆಸಲೂಬಾರದು. ಬದಲಾಯಿಸುವುದೊಂದೇ ದಾರಿ. ಸ್ಪಂಜಿನದಾದರೆ ಸೀಮೆಎಣ್ಣೆಯಲ್ಲಿ ಹಿಂಡಿ ತೊಳೆದು, ನೆರಳಲ್ಲಿ ಒಣಗಿಸಿ, ನಾಲ್ಕು ಹನಿ ಎಂಜಿನ್ ಆಯಿಲ್ ಸವರಿ ಹಾಕಬಹುದು. ಪೆಟ್ರೋಲಿನಲ್ಲಿ ತೊಳೆಯಬೇಡಿ, ಬೆಂಕಿಯ ಭಯ. ಕಂಪನಿ ಪುಸ್ತಕದಲ್ಲಿ ಇಷ್ಟು ಕಿಲೋಮೀಟರಿಗೊಮ್ಮೆ ಎಂದು ಬರೆದಿರುತ್ತಾರೆ. ದಿನಾ ಮಣ್ಣು ರಸ್ತೆಯಲ್ಲಿ ಓಡುವ ಗಾಡಿಗೆ ಅದಕ್ಕೂ ಮೊದಲೇ ನೋಡಬೇಕು.

ಚೈನಿಗೂ ಇದೇ ಧೂಳು ಶತ್ರು. ಸುಟ್ಟ ಆಯಿಲ್ ಸುರಿದರೆ ಮಣ್ಣು ಇನ್ನಷ್ಟು ಅಂಟುತ್ತದೆ. ಬಟ್ಟೆಯಲ್ಲಿ ಒರೆಸಿ, 90 ನಂಬರಿನ ಗೇರ್ ಆಯಿಲ್ ಹನಿಹನಿ ಬಿಟ್ಟು, ಹೆಚ್ಚಾದದ್ದನ್ನು ಮತ್ತೆ ಒರೆಸಿಬಿಡಿ. ಈ ಕೆಲಸ ಮಾಡುವಾಗ ಎಂಜಿನ್ ಆಫ್ ಆಗಿರಲಿ, ದೊಡ್ಡ ಸ್ಟ್ಯಾಂಡ್ ಹಾಕಿ ಚಕ್ರವನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸಿ. ಗಾಡಿ ಸ್ಟಾರ್ಟ್ ಮಾಡಿ, ಓಡುವ ಚೈನಿಗೆ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ನಮಸ್ಕಾರ.