ಮರಿ ಬಿಡೋಕೆ ಮುಂಚೆ ಒಂದ್ಸಲ ಬಲೆ ಹಾಕಿ: ತೋಟದ ಕೆರೆ ಮೀನಿನ ಲೆಕ್ಕ

[ದೃಶ್ಯ: ಬೆಳಗ್ಗೆ ಆರು ಗಂಟೆ. ಕೆರೆ ಏರಿ ಮೇಲೆ ಕ್ಯಾಮೆರಾ. ತೆಳು ಮಂಜು. ಮಾತಿಲ್ಲ, ನೀರಿನ ಸದ್ದು ಮಾತ್ರ.]

ಶ್... ಒಂದ್ನಿಮಿಷ ಸುಮ್ನೆ ಕೇಳಿ. ಪಚಕ್ ಪಚಕ್ ಅಂತ ಬರ್ತಿದ್ಯಲ್ಲ, ಅದು ಮೀನು ಮೇಲಕ್ಕೆ ಬಂದು ಬಾಯಿ ಬಿಡ್ತಿರೋ ಸದ್ದು. ಈ ಹೋಂಸ್ಟೇಗೆ ಬಂದಿದ್ದ ಗೆಸ್ಟ್ ಒಬ್ರು ಇದನ್ನೇ ಶೂಟ್ ಮಾಡಿ "ಕೆರೆ ತುಂಬಾ ಮೀನು" ಅಂತ ಸ್ಟೇಟಸ್ ಹಾಕಿದ್ರಂತೆ. ಪಾಪ, ಅವಕ್ಕೆ ಉಸಿರು ಕಟ್ತಿದೆ ಮಾರಾಯ್ರೇ.

ರಾತ್ರಿ ಪೂರ್ತಿ ಪಾಚಿ, ಗಿಡ, ಮೀನು ಎಲ್ಲಾ ಸೇರಿ ನೀರಲ್ಲಿರೋ ಆಕ್ಸಿಜನ್ ಬಳಸ್ತಾವೆ, ಬಿಸಿಲಿಲ್ಲದೆ ಹೊಸದು ತಯಾರಾಗಲ್ಲ, ಹಂಗಾಗಿ ಸೂರ್ಯ ಹುಟ್ಟೋ ಹೊತ್ತಿಗೆ ಅದು ದಿನದಲ್ಲೇ ಅತಿ ಕಮ್ಮಿ ಇರುತ್ತೆ. ಲೀಟರಿಗೆ 5 ಮಿಲಿಗ್ರಾಂ ಮೇಲಿದ್ರೆ ಆರಾಮ, 3ಕ್ಕಿಂತ ಕೆಳಗೆ ಹೋದ್ರೆ ಒದ್ದಾಟ, 2ಕ್ಕಿಂತ ಕೆಳಗೆ ಹೋಗಿ ಹಂಗೇ ನಿಂತ್ರೆ ಮೀನು ಮಗುಚಿಕೊಂಡು ತೇಲುತ್ತೆ. ಮೀಟರ್ ಇಲ್ಲ ಅಂದ್ರೂ ಪರ್ವಾಗಿಲ್ಲ, ಆರು ಗಂಟೆಗೆ ಎದ್ದು ಬಂದು ನೋಡಿ ಸಾಕು. ಎಲ್ಲಾ ಜಾತಿ ಮೀನೂ ಮೇಲೆ ಬಂದು ಬಾಯಿ ಬಿಡ್ತಾ ಇದ್ದು ಬಿಸಿಲು ಏರಿದ ಮೇಲೆ ಕೆಳಗೆ ಹೋದ್ರೆ ಅದು ಆಕ್ಸಿಜನ್ ಕೊರತೆನೇ. ಬರೀ ಕೊರವ ಮೀನು ಆಗಾಗ ಬಂದು ಹೋದ್ರೆ ತಲೆ ಕೆಡಿಸ್ಕೋಬೇಡಿ, ಅದು ಗಾಳಿ ಕುಡಿಯೋ ಮೀನು, ಅದರ ಅಭ್ಯಾಸನೇ ಅದು.

[ಟೈಟಲ್ ಕಾರ್ಡ್]

ನಮಸ್ಕಾರ ಎಲ್ರಿಗೂ. ನಾವೀಗ ಕೊಡಗಿನ ಸಿದ್ದಾಪುರ ಕಡೆ ಒಂದು ತೋಟದಲ್ಲಿದೀವಿ. ಒಂದು ಎಕರೆ ಹತ್ರ ಹತ್ರ ಇರೋ ಕೆರೆ, ಮೊದ್ಲು ಬರೀ ರೊಬಸ್ಟಾ ಕಾಫಿಗೆ ನೀರು ಹೊಡೆಯೋಕೆ ಅಂತ ತೋಡಿದ್ದು, ಆಮೇಲೆ ಹೋಂಸ್ಟೇ ಆಯ್ತು, ಒಂದು ಪೆಡಲ್ ಬೋಟ್ ಬಂತು, ನಾಲ್ಕು ಗಾಳ ಬಂತು. ಓನರ್ ಅಂಕಲ್ ಐದು ವರ್ಷದಿಂದ ವರ್ಷಕ್ಕೆ ಸಾವಿರ ಮರಿ ಬಿಡ್ತಿದಾರೆ, ಕಾಟ್ಲಾ, ರೋಹು, ಸ್ವಲ್ಪ ಮೃಗಾಲ್. ಆದ್ರೂ ಗೆಸ್ಟ್‌ಗಳ ಗಾಳಕ್ಕೆ ಬೀಳೋದು ಅಂಗೈ ಅಗಲದ ಜಿಲೇಬಿ ಮೀನು (ತಿಲಾಪಿಯಾ) ಮಾತ್ರ. ಈ ವರ್ಷ 5000 ಮರಿ ಒಟ್ಟಿಗೆ ಸುರಿದುಬಿಡ್ತೀನಿ ಅಂತ ಅಡ್ವಾನ್ಸ್ ಕೂಡ ಕೊಟ್ಟಿದ್ರು. ಅಂಕಲ್, ಅದಕ್ಕೆ ಮುಂಚೆ ಒಳಗೆ ಏನಿದೆ ಅಂತ ಒಂದ್ಸಲ ನೋಡೋಣ ಅಂದೆ. "ಮೋನೆ, ಮೀನಿಗೂ ಜನಗಣತಿನಾ?" ಅಂತ ನಕ್ರು. ಹೌದು, ಅದೇ.

[ದೃಶ್ಯ: ಎಳೆಬಲೆ ಹಿಡಿದು ನೀರಿಗಿಳಿಯೋ ನಾಲ್ಕು ಜನ]

ಬಲೆ ವಿಷಯದಲ್ಲಿ ಒಂದು ಮಾತು. ಒಂದೇ ಕಣ್ಣಿನ ಬಲೆ ಹಾಕಿದ್ರೆ ಆ ಕಣ್ಣಿಗೆ ಸಿಕ್ಕೋ ಸೈಜ್ ಮಾತ್ರ ಬರುತ್ತೆ, ನೀವು ಅದನ್ನೇ ನೋಡಿ ಕೆರೇಲಿ ಇಷ್ಟೇ ಇದೆ ಅಂದ್ಕೊಂತೀರ. ಅದಕ್ಕೇ ದೊಡ್ಡ ಕಣ್ಣಿಂದು, ಸಣ್ಣ ಕಣ್ಣಿಂದು ಎರಡೂ ಎಳೆಸಿದ್ವಿ, ಕೆಸರು ದಡದಲ್ಲಿ ಬೀಸುಬಲೆ ಬೇರೆ. ಮಾರ್ಚ್‌ನಲ್ಲೇ ಯಾಕೆ ಅಂದ್ರೆ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆದು, ಆಮೇಲೆ ಬ್ಯಾಕಿಂಗ್, ಅಂದ್ರೆ ಹೂ ಆದ್ಮೇಲಿನ ಎರಡನೇ ನೀರೂ ಕೊಟ್ಟು ಕೆರೆ ಅರ್ಧಕ್ಕಿಂತ ಕೆಳಗಿಳಿದಿರುತ್ತೆ, ಬಲೆ ಎಳೆಯೋಕೆ ಸಲೀಸು. ಮೀನಿಗೆ ಅದೇ ಕಷ್ಟಕಾಲ ಅನ್ನಿ, ಅಷ್ಟೇ ಮೀನು ಅರ್ಧ ನೀರಲ್ಲಿ ಇರ್ಬೇಕಲ್ಲ. ಬೆಳಗ್ಗೆ ಕೇಳಿದ ಪಚಕ್ ಪಚಕ್‌ಗೂ ಅದೇ ಕಾರಣ.

[ದೃಶ್ಯ: ಏರಿ ಮೇಲೆ ನೀರು ತುಂಬಿದ ಟಬ್‌ಗಳು]

ಬಂದಿದ್ದನ್ನ ಜಾತಿ ಪ್ರಕಾರ, ಸೈಜ್ ಪ್ರಕಾರ ಟಬ್‌ಗೆ ಹಾಕಿದ್ವಿ. ಜಿಲೇಬಿ ಟಬ್ ನೋಡಿ, ತುಳುಕ್ತಾ ಇದೆ, ಎಲ್ಲಾ ಒಂದೇ ಅಳತೆ, ಅಚ್ಚಲ್ಲಿ ಹೊಯ್ದಂಗೆ. ಕಾಟ್ಲಾ ರೋಹು ಟಬ್‌ನಲ್ಲಿ ದೊಡ್ಡವು ಮಾತ್ರ. ಕೊರವ ಒಂದೇ ಒಂದು.

ಈಗ ಇದನ್ನ ಓದೋದು ಹೆಂಗೆ? ಪುಸ್ತಕದಲ್ಲಿ ಏನಿರುತ್ತೆ ಅಂದ್ರೆ ಆರೋಗ್ಯವಾಗಿರೋ ಕೆರೇಲಿ ಮರಿ, ನಡುಪ್ರಾಯದ್ದು, ದೊಡ್ಡದು ಮೂರೂ ಇರ್ಬೇಕು ಅಂತ. ಅಮೆರಿಕದ ಕೊಳಗಳಲ್ಲಿ ಲಾರ್ಜ್‌ಮೌತ್ ಬಾಸ್ ಅನ್ನೋ ಬೇಟೆ ಮೀನು, ಬ್ಲೂಗಿಲ್ ಅನ್ನೋ ಸಣ್ಣ ಮೀನು ಜೋಡಿಯಾಗಿ ಇರ್ತಾವೆ, ಅಲ್ಲಿನವರು 20 ಸೆಂಟಿಮೀಟರ್ ದಾಟಿದ ಬಾಸ್ ನೂರಿದ್ರೆ ಅದರಲ್ಲಿ 30 ದಾಟಿದವು 40ರಿಂದ 70 ಇರ್ಬೇಕು ಅಂತ ಲೆಕ್ಕ ಇಟ್ಕೊಂಡಿದಾರೆ. ಒಳ್ಳೇ ಲೆಕ್ಕನೇ, ಆದ್ರೆ ಅದನ್ನ ಹಂಗೇ ತಂದು ಇಲ್ಲಿ ಅಂಟಿಸ್ಬೇಡಿ. ಯಾಕಂದ್ರೆ ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಲ್ಲಿ ಮೊಟ್ಟೆನೇ ಇಡಲ್ಲ, ಅವಕ್ಕೆ ಮಳೆಗಾಲದ ಹರಿಯೋ ಹೊಳೆ ಬೇಕು. ಹಂಗಾಗಿ ತೋಟದ ಕೆರೇಲಿ ಕಾಟ್ಲಾ ಮರಿ ಕಾಣ್ಲಿಲ್ಲ ಅಂದ್ರೆ ಅದು ರೋಗ ಅಲ್ಲ, ಸಹಜ. ಆದ್ರೆ ಪ್ರತಿ ವರ್ಷ ಮರಿ ಬಿಟ್ಟಿರೋ ಕೆರೇಲಿ ಒಂದು ವರ್ಷದ್ದು, ಎರಡು ವರ್ಷದ್ದು ಕಾಣ್ಬೇಕಿತ್ತು ತಾನೆ? ಅವು ಎಲ್ಲಿ? ಅಲ್ಲೇ ಇರೋದು ಕತೆ.

[ಕ್ಲೋಸ್‌ಅಪ್: ಅಂಗೈ ಮೇಲೆ ಜಿಲೇಬಿ ಮೀನು]

ಇದನ್ನ ನೋಡಿ. ಕೈ ಒದ್ದೆ ಮಾಡ್ಕೊಂಡೇ ಹಿಡೀಬೇಕು, ಒಣ ಕೈಯಲ್ಲಿ ಹಿಡಿದ್ರೆ ಮೈಮೇಲಿನ ಲೋಳೆ ಕಿತ್ತು ಬರುತ್ತೆ, ಆಮೇಲೆ ಬೂಸ್ಟು ಹಿಡಿಯುತ್ತೆ. ಬಾಯಿ ಮೆಲ್ಲಗೆ ತೆಗೀತೀನಿ... ಅಗೋ, ಒಳಗೆ ಹಳದಿ ಕಾಳು ಕಾಳು ಕಾಣ್ತಿದ್ಯಾ? ಮೊಟ್ಟೆ! ಜಿಲೇಬಿ ತಾಯಿ ಮೊಟ್ಟೆನ ಬಾಯಲ್ಲೇ ಇಟ್ಕೊಂಡು ಮರಿ ಮಾಡುತ್ತೆ. ಇಷ್ಟು ಚಿಕ್ಕ ಮೀನು, ನನ್ನ ಅಂಗೈ ತುಂಬಲ್ಲ, ಆಗ್ಲೇ ತಾಯಿ. ಊಟ ಸಾಲದೆ ಇದ್ದಾಗ ಇದು ಬೆಳೆಯೋದನ್ನ ಬಿಟ್ಟು ಮರಿ ಹಾಕೋಕೆ ಶುರು ಮಾಡುತ್ತೆ, ಆ ಮರಿಗಳಿಗೂ ಊಟ ಸಾಲಲ್ಲ, ಹಿಂಗೇ ಸುತ್ತು. 1952ರಲ್ಲಿ ನಮ್ಮ ದೇಶಕ್ಕೆ ತಂದ ಆಫ್ರಿಕಾದ ಮೀನು, ಇವತ್ತು ಇದಿಲ್ಲದ ಕೆರೆ ಹುಡುಕೋದೇ ಕಷ್ಟ.

ಇದನ್ನ ತಿಂದು ಹದ್ದುಬಸ್ತಲ್ಲಿ ಇಡ್ಬೇಕಾದ್ದು ಕೊರವ. ಯಾಕೆ ಒಂದೇ ಸಿಕ್ತು ಅಂತ ಕೇಳಿದ್ರೆ ಅಂಕಲ್ ತಲೆ ಕೆರ್ಕೊಂಡ್ರು. "ಮರಿ ತಿನ್ನುತ್ತೆ ಅಂತ ನಾನೇ ಹಿಡಿಸಿ ಖಾಲಿ ಮಾಡಿಸಿದ್ದೆ." ಸಾರಿಗೂ ಚೆನ್ನಾಗಿರುತ್ತಲ್ಲ, ಅದನ್ನ ಅವರು ಹೇಳ್ಲಿಲ್ಲ, ನಾನು ಹೇಳ್ತಿದೀನಿ.

[ದೃಶ್ಯ: ತಕ್ಕಡಿ, ಅಳತೆ ಹಲಗೆ, ನೋಟ್‌ಬುಕ್]

ಮುಂದಿಂದು ತೂಕ. ಉದ್ದ ಮಾತ್ರ ನೋಡಿದ್ರೆ ಮೋಸ ಹೋಗ್ತೀರ. ಈ ಕಾಟ್ಲಾ 40 ಸೆಂಟಿಮೀಟರ್ ಇದೆ, ಫೋಟೋಗೆ ಸೂಪರ್, ತಕ್ಕಡಿಗೆ ಹಾಕಿದ್ರೆ 640 ಗ್ರಾಂ. ಇದಕ್ಕೊಂದು ಸುಲಭದ ಲೆಕ್ಕ ಇದೆ, ಫುಲ್ಟನ್ ಲೆಕ್ಕ ಅಂತಾರೆ. ತೂಕನ ಗ್ರಾಂನಲ್ಲಿ ತಗೊಂಡು 100ರಿಂದ ಗುಣಿಸಿ, ಸೆಂಟಿಮೀಟರ್ ಉದ್ದನ ಅದರಿಂದಲೇ ಗುಣಿಸ್ತಾ ಹೋದ್ರೆ (ಇಲ್ಲಿ 40 × 40 × 40) ಬರುತ್ತಲ್ಲ ಅದರಿಂದ ಭಾಗಿಸಿ. 64000 ಭಾಗಿಸು 64000, ಉತ್ತರ ಸರಿಯಾಗಿ 1. ತುಂಬಿದ ಕಾಟ್ಲಾ ಇದೇ ಉದ್ದಕ್ಕೆ ಒಂದು ಕೆಜಿ ತೂಗ್ಬೇಕು, ಅಂದ್ರೆ ಒಂದೂವರೆ ದಾಟ್ಬೇಕು. ಲೆಕ್ಕ ಬೇಡ ಅಂದ್ರೆ ಕಣ್ಣಲ್ಲೇ ನೋಡಿ, ತಲೆ ದೊಡ್ಡದು, ತಲೆ ಹಿಂದೆ ಬೆನ್ನು ಕತ್ತಿ ಥರ. ಹಸಿದ ಮೀನು ಇದು. ಒಂದು ಮಾತ್ರ ನೆನಪಿರ್ಲಿ, ಕಾಟ್ಲಾನ ಕಾಟ್ಲಾ ಜೊತೆಗೇ ಹೋಲಿಸ್ಬೇಕು, ಸಪೂರ ಮೈಯ ಮೀನಿಗೆ ಈ ನಂಬರ್ ಹುಟ್ಟಿನಿಂದಲೇ ಕಮ್ಮಿ.

ಹಂಗೇ ಕಿವಿರು ಮುಚ್ಚಳ ಹೆಬ್ಬೆರಳಲ್ಲಿ ಎತ್ತಿ ನೋಡಿ. ದಾಸವಾಳದಂಗೆ ಕೆಂಪಗಿದ್ರೆ ಸರಿ, ಬಿಳಚಿಕೊಂಡಿದ್ರೆ ಏನೋ ಎಡವಟ್ಟು. ಮೈಮೇಲೆ ಪಾರದರ್ಶಕ ಬೊಟ್ಟಿನ ಥರ ಓಡಾಡೋದು ಮೀನಿನ ಹೇನು. ಕೆಂಪು ಹುಣ್ಣು ಇದ್ರೆ ಮಾತ್ರ ತಡ ಮಾಡ್ದೆ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ. 1988ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟ ಆ ಹುಣ್ಣು ರೋಗಕ್ಕೆ ತಣ್ಣನೆ ಹವೆ, ಹುಳಿ ನೀರು ಅಂದ್ರೆ ಇಷ್ಟ. ಎರಡೂ ನಮ್ಮ ಕೊಡಗಲ್ಲಿ ಧಾರಾಳ. ಇಲ್ಲಿ ಹುಣ್ಣು ಕಾಣ್ಲಿಲ್ಲ, ಪುಣ್ಯ.

[ದೃಶ್ಯ: ಊಟದ ಟೇಬಲ್ ಮೇಲೆ ಒಂದು ಪಾತ್ರೆ ಕಾಫಿ ಬೀಜ]

ಈಗ ಎಲ್ರೂ ಕೇಳೋ ಪ್ರಶ್ನೆ, ಒಟ್ಟು ಎಷ್ಟಿದೆ? ಕೆರೆ ಖಾಲಿ ಮಾಡದೆ ಎಣಿಸೋಕೆ ಆಗುತ್ತಾ? ಆಗುತ್ತೆ, ಅಂದಾಜಿಗೆ. ಈ ಪಾತ್ರೇಲಿ ಎಷ್ಟು ಬೀಜ ಇದೆ ನಂಗೊತ್ತಿಲ್ಲ. 60 ಬೀಜ ತೆಗೆದು ಮಾರ್ಕರ್‌ನಲ್ಲಿ ಚುಕ್ಕೆ ಇಟ್ಟು ವಾಪಸ್ ಹಾಕಿ ಚೆನ್ನಾಗಿ ಕಲಸ್ತೀನಿ. ಈಗ ಕಣ್ಮುಚ್ಚಿ 50 ತೆಗೀತೀನಿ, ಅದರಲ್ಲಿ ಚುಕ್ಕೆಯವು 10 ಬಂದ್ವು. ಅಂದ್ರೆ ಐದರಲ್ಲಿ ಒಂದು ನಂದು. ಚುಕ್ಕೆಯವು ಒಟ್ಟು 60, ಹಂಗಾದ್ರೆ ಪಾತ್ರೇಲಿ ಇರೋದು ಸುಮಾರು 300. ಡೆನ್ಮಾರ್ಕಿನ ಪೀಟರ್ಸನ್ ಅನ್ನೋರು 1890ರ ದಶಕದಲ್ಲಿ ಸಮುದ್ರದ ಮೀನಿಗೆ ಗುರುತು ಹಾಕಿ ಬಿಟ್ಟು ಶುರು ಮಾಡಿದ ದಾರಿ ಇದು.

ಕೆರೇಲೂ ಅದನ್ನೇ ಮಾಡಿದ್ವಿ. ಕಾಟ್ಲಾ ರೋಹು ಸೇರಿ 60ಕ್ಕೆ ಹೊಟ್ಟೆ ಕಡೆ ರೆಕ್ಕೆಯ ತುದಿ ಒಂಚೂರು ಕತ್ತರಿಸಿದ್ವಿ, ನಮ್ಮ ಉಗುರು ಕತ್ತರಿಸಿದಂಗೆ, ಮತ್ತೆ ಬೆಳೆಯುತ್ತೆ. ಒಂದು ವಾರ ಬಿಟ್ಟು ಮತ್ತೆ ಬಲೆ. ನಡುವೆ ಕೋಡಿ ಹರಿದು ಮೀನು ಆಚೆ ಹೋಗಿರ್ಬಾರ್ದು, ಹೊಸ ಮರಿ ಬಿಟ್ಟಿರ್ಬಾರ್ದು, ಗುರುತು ಹಾಕಿದ್ದು ಸುಸ್ತಾಗಿ ನೀರುನಾಯಿ ಬಾಯಿಗೆ ಬಿದ್ದಿರ್ಬಾರ್ದು, ಇಷ್ಟು ಷರತ್ತು. ನಂಬಿ ಬಿಡಿ, ಬೀಜದ ಪಾತ್ರೇಲಿ ಬಂದ ನಂಬರೇ ಇಲ್ಲೂ ಬಂತು, ಅದಕ್ಕೇ ಆ ಉದಾಹರಣೆ ತಗೊಂಡಿದ್ದು. 300. ಹತ್ತೇ ಗುರುತಿನ ಮೀನು ಸಿಕ್ಕಿರೋದ್ರಿಂದ ಇದು ಸಡಿಲ ಲೆಕ್ಕ, 200 ಇರ್ಬೋದು, 500 ಇದ್ರೂ ಇರ್ಬೋದು. ಐದು ವರ್ಷದಲ್ಲಿ ಬಿಟ್ಟಿದ್ದು 5000!

ಅಂಕಲ್ ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ.

[ದೃಶ್ಯ: ಕೋಡಿ ಹತ್ರ ನಿಂತು]

ಹೋಗಿದ್ದೆಲ್ಲಿ ಅಂತ ಹುಡುಕಿದ್ರೆ ಉತ್ತರ ಇಲ್ಲೇ ಸಿಗುತ್ತೆ. ಮರಿ ಬಿಟ್ಟಿದ್ದು ಜೂನ್ ಮೊದಲ ವಾರ, ಉಗುರು ಗಾತ್ರದ್ದು. ಜುಲೈನಲ್ಲಿ ನಮ್ಮ ಕಡೆ ಮಳೆ ಗೊತ್ತಲ್ಲ, ಕೋಡಿ ಹಗಲು ರಾತ್ರಿ ಹರಿಯುತ್ತೆ, ಬಲೆ ಕಟ್ಟಿಲ್ಲ, ಮರಿಗಳು ಗದ್ದೆ ದಾಟಿ ಕಾವೇರಿ ಸೇರಿ ಆಯ್ತು. ಉಳಿದಿದ್ದನ್ನ ನೀರುಕಾಗೆ ನುಂಗ್ತು, ಮಿಕ್ಕಿದ್ದಕ್ಕೆ ಜಿಲೇಬಿ ಜೊತೆ ಪೈಪೋಟಿ.

ಇನ್ನೊಂದು ಅನುಮಾನ ನಂಗಿತ್ತು, ಮೈಲುತುತ್ತ, ಅಂದ್ರೆ ತಾಮ್ರದ ಸಲ್ಫೇಟ್. ಮಳೆಗೆ ಮುಂಚೆ ಕಾಫಿಗೆ, ಮೆಣಸಿಗೆ ಬೋರ್ಡೋ ಅನ್ನೋ ರೋಗದ ಔಷಧಿ ಹೊಡೀತೀವಲ್ಲ, 100 ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಹೊಡೆದು ಮುಗಿದ ಮೇಲೆ ಡ್ರಮ್ಮು, ಸ್ಪ್ರೇಯರ್ ಎಲ್ಲಿ ತೊಳೀತೀರ ಅಂದೆ. ಇಲ್ಲೇ, ಮೆಟ್ಟಿಲ ಹತ್ರ ಅಂದ್ರು ಕೆಲಸದವರು. ತಾಮ್ರ ಮೀನಿನ ಕಿವಿರಿಗೆ ವಿಷ, ಅದರಲ್ಲೂ ನಮ್ಮ ನೀರಲ್ಲಿ ಸುಣ್ಣದ ಅಂಶ ಕಮ್ಮಿ, ಮೆದು ನೀರು, ಅಂಥಾ ಕಡೆ ತಾಮ್ರದ ವಿಷ ಜಾಸ್ತಿ ಏರುತ್ತೆ. ಮರಿ ಬಿಡೋದೂ ಜೂನ್, ಡ್ರಮ್ ತೊಳೆಯೋದೂ ಅದೇ ಹೊತ್ತಿಗೆ. ಇಷ್ಟು ವರ್ಷ ಯಾರಿಗೂ ಹೊಳೆದಿರ್ಲಿಲ್ಲ. ಪಲ್ಪರ್ ನೀರು, ಅಂದ್ರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರದಿಂದ ಬರೋ ನೀರು ಕೂಡ ಹಂಗೇ, ಅದು ಕೊಳೆಯುವಾಗ ಆಕ್ಸಿಜನ್ ಪೂರ್ತಿ ತಿಂದುಹಾಕುತ್ತೆ, ಈ ತೋಟದಲ್ಲಿ ಅದಕ್ಕೆ ಬೇರೆ ಗುಂಡಿ ಇದೆ, ಆ ಮಟ್ಟಿಗೆ ಬಚಾವ್.

ನೀರು ನೋಡೋಕೆ ಈ ತಟ್ಟೆ, 20 ಸೆಂಟಿಮೀಟರ್ ಅಗಲ, ಕಪ್ಪು ಬಿಳಿ ಕಾಲು ಕಾಲು ಭಾಗ. 1865ರಲ್ಲಿ ಸೆಕ್ಕಿ ಅಂತ ಇಟಲಿಯ ಪಾದ್ರಿ ಬಿಳಿ ತಟ್ಟೆ ಇಳಿಸಿ ಸಮುದ್ರದ ನೀರು ಎಷ್ಟು ತಿಳಿ ಅಂತ ಅಳೆದಿದ್ರು. ಹಗ್ಗ ಕಟ್ಟಿ ಇಳಿಸಿ, ಕಣ್ಣಿಗೆ ಮರೆಯಾದ ಆಳ ಬರ್ಕೊಳ್ಳಿ. ಮೀನಿನ ಕೆರೆಗೆ 30, 40 ಸೆಂಟಿಮೀಟರ್ ಆಸುಪಾಸು ಹಸಿರಾಗಿದ್ರೆ ಚೆನ್ನ. ಇಲ್ಲಿ 15ಕ್ಕೇ ಮಾಯ, ಅದೂ ಬರೀ ಕೆಸರು.

[ದೃಶ್ಯ: ಬೋಟ್ ಹತ್ರ ಮೊಳೆಗೆ ತೂಗುಹಾಕಿದ ನೋಟ್‌ಬುಕ್]

ಸರಿ, ಏನು ತೀರ್ಮಾನ ಆಯ್ತು ಅಂದ್ರೆ, ಗೆಸ್ಟ್‌ಗಳು ಹಿಡಿದ ಜಿಲೇಬಿ ವಾಪಸ್ ಬಿಡೋ ಹಂಗಿಲ್ಲ, ಎಲ್ಲಾ ಅಡುಗೆಮನೆಗೆ. ಕಾಟ್ಲಾ, ರೋಹು ಬಿದ್ರೆ ಫೋಟೋ ತೆಗೆದು ವಾಪಸ್, ವಾಲ್ನೂರು ಕಡೆ ಕಾವೇರೀಲಿ ಮಹಶೀರ್ ಹಿಡಿದು ಬಿಡ್ತಾರಲ್ಲ ಹಂಗೆ. ಕೊರವ ಮುಟ್ಟೋ ಹಂಗಿಲ್ಲ. ಡ್ರಮ್ ತೊಳೆಯೋದು ಏರಿಯಿಂದ ದೂರ. ಕೋಡಿಗೆ ಬಲೆ. ಸ್ಪ್ರಿಂಕ್ಲರ್ ಪೈಪ್‌ಗೆ ಒಂದು ಮಟ್ಟ ಗುರುತು ಮಾಡಿದೀವಿ, ಅದರ ಕೆಳಗೆ ನೀರು ಎಳೆಯಲ್ಲ (ಇದಕ್ಕೆ ಅಂಕಲ್ ಒಪ್ಪೋಕೆ ಎರಡು ಕಾಫಿ ಬೇಕಾಯ್ತು). ಈ ಪುಸ್ತಕದಲ್ಲಿ ಗಾಳ ಹಾಕಿದ ಪ್ರತಿಯೊಬ್ರೂ ಎಷ್ಟು ಗಂಟೆ ಕೂತ್ರು, ಏನು ಬಿತ್ತು, ಎಷ್ಟುದ್ದ ಅಂತ ಬರೀಬೇಕು, ಏನೂ ಬೀಳ್ಲಿಲ್ಲ ಅಂದ್ರೆ ಅದನ್ನೂ ಬರೀಬೇಕು, ಬಿದ್ದೋರು ಮಾತ್ರ ಬರೆದ್ರೆ ಲೆಕ್ಕ ಹಾಳು. ಗಂಟೆಗೆ ಎಷ್ಟು ಮೀನು ಅನ್ನೋ ಒಂದು ನಂಬರ್ ತಿಂಗಳು ತಿಂಗಳು ಏರ್ತಿದ್ಯಾ ಇಳೀತಿದ್ಯಾ ಅಂತ ಗೊತ್ತಾದ್ರೆ ಮುಂದಿನ ಮಾರ್ಚ್‌ವರೆಗೆ ಬಲೆ ಎಳೆಸೋ ಖರ್ಚಿಲ್ಲ.

ಆಮೇಲೆ ಅಂಕಲ್ ಅಲ್ಲೇ ನಿಂತು ಮರಿ ಮಾರೋರಿಗೆ ಫೋನ್ ಮಾಡಿದ್ರು. ಅಡ್ವಾನ್ಸ್ ವಾಪಸ್ ಕೊಡಲ್ಲ ಅಂದ್ರಂತೆ ಆ ಕಡೆಯಿಂದ. ಸ್ವಲ್ಪ ಹೊತ್ತು ಚೌಕಾಸಿ ನಡೀತು, ಕೊನೆಗೆ "ಸರಿ, ಸೆಪ್ಟೆಂಬರಲ್ಲಿ ಬೆರಳುದ್ದದ್ದು 300 ಕೊಡಿ, ಉಗುರಷ್ಟಿರೋದು ತಂದ್ರೆ ವಾಪಸ್ ಕಳಿಸ್ತೀನಿ, ಅಳತೆ ಹಲಗೆ ಇಟ್ಕೊಂಡೇ ನಿಂತಿರ್ತೀನಿ" ಅಂತ ಫೋನ್ ಇಟ್ರು.

[ದೃಶ್ಯ: ಕಾವಲಿ ಮೇಲೆ ಜಿಲೇಬಿ ಫ್ರೈ. ಎಣ್ಣೆ ಸದ್ದು. ಕಟ್.]